ನಕ್ಷೆಯಲ್ಲಿ ಅಳಿದ ಹೆಸರು, ಅಂಗಿಯ ಮೇಲೆ ಉಳಿದ ಹೆಸರು

1920ರ ಆಗಸ್ಟ್ ತಿಂಗಳಲ್ಲಿ, ಪರಸ್ಪರ ಪರಿಚಯವೇ ಇಲ್ಲದ ಎರಡು ದೂರದ ಊರುಗಳಲ್ಲಿ ಎರಡು ಫುಟ್‌ಬಾಲ್ ಕ್ಲಬ್‌ಗಳು ಹುಟ್ಟಿದವು. ಒಂದು, ಆಗಸ್ಟ್ 1ರಂದು ಕಲ್ಕತ್ತೆಯಲ್ಲಿ; ಅದರ ಹೆಸರು ಈಸ್ಟ್ ಬೆಂಗಾಲ್. ಇನ್ನೊಂದು, ಆಗಸ್ಟ್ 20ರಂದು ದಕ್ಷಿಣ ಅಮೆರಿಕದ ಚಿಲಿ ದೇಶದ ದಕ್ಷಿಣ ಭಾಗದಲ್ಲಿರುವ ಒಸೊರ್ನೊ ಪಟ್ಟಣದಲ್ಲಿ. ಅದರ ಹೆಸರು ಪಾಲೆಸ್ತಿನೊ. ಎರಡೂ ಹೆಸರುಗಳು ಊರಿನ ಹೆಸರುಗಳಲ್ಲ, ಬಿಟ್ಟು ಬಂದ ನಾಡಿನ ಹೆಸರುಗಳು. ಸ್ಥಾಪಕರಿಗೆ ಅಂದು ತಿಳಿಯದಿದ್ದ ಒಂದು ಸಂಗತಿ ಇಂದು ನಮಗೆ ತಿಳಿದಿದೆ: ಮುಂದಿನ ಮೂರು ದಶಕಗಳೊಳಗೆ ಆ ಎರಡೂ ನಾಡುಗಳು ಒಡೆದುಹೋದವು. ನಕ್ಷೆಯಲ್ಲಿ ಹೆಸರು ಅಳಿದಾಗ ಅದು ಆಟಗಾರರ ಅಂಗಿಯ ಮೇಲೆ ಉಳಿಯಿತು.

ಕಾಲ್ಚೆಂಡಿನ ಈ ದೂರದ ಕಥೆಯನ್ನು ತುಂಗಭದ್ರಾ ಎಡದಂಡೆ ಕಾಲುವೆಯ ನೀರುಣ್ಣುವ ಬಳಗಾನೂರಿನಲ್ಲಿ ಕುಳಿತು ಬರೆಯುವುದಕ್ಕೆ ಕಾರಣವಿದೆ. ಅದನ್ನು ಮುಂದೆ ಹೇಳುತ್ತೇನೆ. ಮೊದಲು ಚಿಲಿಯ ಸಂಗತಿಯನ್ನು ನೋಡೋಣ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮತ್ತು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬೆತ್ಲೆಹೆಮ್, ಬೇತ್ ಜಾಲಾ, ಬೇತ್ ಸಾಹೂರ್ ಊರುಗಳ ಅರಬ್ ಕ್ರೈಸ್ತ ಕುಟುಂಬಗಳು ಸಮುದ್ರ ದಾಟಿ ದಕ್ಷಿಣ ಅಮೆರಿಕಕ್ಕೆ ಹೊರಟವು. ಪ್ಯಾಲೆಸ್ಟೀನ್ ಆಗ ಆಟೊಮನ್ ತುರ್ಕರ ಆಳ್ವಿಕೆಯಲ್ಲಿತ್ತು. 1909ರ ನಂತರ ಕ್ರೈಸ್ತ ಯುವಕರಿಗೂ ಕಡ್ಡಾಯ ಸೇನಾಸೇವೆ ವಿಧಿಸಿದ್ದು ಈ ವಲಸೆಗೆ ಇನ್ನಷ್ಟು ವೇಗ ತಂದಿತು. ಅವರ ಕೈಯಲ್ಲಿದ್ದ ಪ್ರಯಾಣಪತ್ರ ತುರ್ಕರದಾಗಿದ್ದುದರಿಂದ ಚಿಲಿಯ ಜನ ಅವರನ್ನು ‘ತುರ್ಕೊ’ ಎಂದು ಕರೆದರು. ಯಾವ ಪ್ರಭುತ್ವದಿಂದ ತಪ್ಪಿಸಿಕೊಂಡು ಬಂದರೋ ಅದೇ ಪ್ರಭುತ್ವದ ಹೆಸರು ಅವರಿಗೆ ಹೀಯಾಳಿಕೆಯ ಹೆಸರಾಗಿ ಅಂಟಿಕೊಂಡಿತು. ಹೆಗಲ ಮೇಲೆ ಗಂಟು ಹೊತ್ತು ಬೀದಿ ಬೀದಿ ಸುತ್ತಿ ಬಟ್ಟೆ, ಸೂಜಿ, ದಾರ, ಗುಂಡಿ ಮಾರಿದವರು ಕಾಲಕ್ರಮದಲ್ಲಿ ಅಂಗಡಿ ತೆರೆದರು. ಅಂಗಡಿ ತೆರೆದವರಲ್ಲಿ ಕೆಲವರು ಬಟ್ಟೆ ಗಿರಣಿ ಕಟ್ಟಿದರು. ಇಂದು ಅರಬ್ ಜಗತ್ತಿನ ಹೊರಗೆ ಪ್ಯಾಲೆಸ್ಟೀನ್ ಮೂಲದವರು ಅತಿ ಹೆಚ್ಚು ಸಂಖ್ಯೆಯಲ್ಲಿರುವ ದೇಶ ಚಿಲಿ.

ಹೀಗೆ ಬಂದವರು ತಮ್ಮನ್ನು ‘ತುರ್ಕೊ’ ಎಂದವರಿಗೆ ಕೊಟ್ಟ ಉತ್ತರಗಳಲ್ಲಿ ಕ್ಲಬ್ ಸಹ ಒಂದು. ನಾವು ತುರ್ಕರಲ್ಲ, ನಮ್ಮ ಹೆಸರು ಇದು ಎಂದು ಹೇಳುವ ಬಗೆ ಅದು. ಚಿಲಿಯಲ್ಲಿ ಇದು ಹೊಸ ಪದ್ಧತಿಯೇನೂ ಆಗಿರಲಿಲ್ಲ. ಸ್ಪೇನಿನಿಂದ ಬಂದವರು 1897ರಷ್ಟು ಹಿಂದೆಯೇ ಉನಿಯೊನ್ ಎಸ್ಪನ್ಯೋಲಾ ಕಟ್ಟಿದ್ದರು. ಇಟಲಿಯವರು 1910ರಲ್ಲಿ ಔದಾಕ್ಸ್ ಇತಾಲಿಯಾನೊ ಕಟ್ಟಿದ್ದರು. ಮೂರನೆಯ ವಲಸಿಗ ಸಮುದಾಯದ ಕ್ಲಬ್ ಆಗಿ ಪಾಲೆಸ್ತಿನೊ ಬೆಳೆಯಿತು. ಅಂಗಿಯಲ್ಲಿ ಪ್ಯಾಲೆಸ್ಟೀನ್ ಬಾವುಟದ ಬಣ್ಣಗಳಾದ ಕೆಂಪು, ಹಸಿರು, ಬಿಳಿ, ಕಪ್ಪು ಇದ್ದವು.

ಆದರೆ ಮೊದಲೆರಡು ಕ್ಲಬ್‌ಗಳಿಗೂ ಮೂರನೆಯದಕ್ಕೂ ಒಂದು ವ್ಯತ್ಯಾಸ ಉಂಟಾಯಿತು. ಸ್ಪೇನ್, ಇಟಲಿ ದೇಶಗಳು ನಕ್ಷೆಯಲ್ಲಿ ಉಳಿದವು. 1948ರ ನಂತರ ಪ್ಯಾಲೆಸ್ಟೀನ್ ಎಂಬ ಹೆಸರು ಹೊತ್ತ, ತನ್ನ ನೆಲದ ಮೇಲೆ ತಾನೇ ಹಕ್ಕುಳ್ಳ ದೇಶ ಉಳಿಯಲಿಲ್ಲ. 1952ರಲ್ಲಿ ಚಿಲಿಯ ವೃತ್ತಿಪರ ಫುಟ್‌ಬಾಲ್‌ನ ಎರಡನೆಯ ದರ್ಜೆ ಆರಂಭವಾದಾಗ ಪಾಲೆಸ್ತಿನೊ ಅದಕ್ಕೆ ಸೇರಿ, ಅದೇ ವರ್ಷ ಗೆದ್ದು ಮೊದಲ ದರ್ಜೆಗೆ ಏರಿತು. ಮೂರು ವರ್ಷಗಳ ನಂತರ, 1955ರಲ್ಲಿ, ದೇಶದ ಚಾಂಪಿಯನ್ ಪಟ್ಟ ಅದರದಾಯಿತು. 1978ರಲ್ಲಿ ಎರಡನೆಯ ಬಾರಿ ಆ ಪಟ್ಟ ಬಂದಿತು. 1977–78ರ ಅವಧಿಯಲ್ಲಿ ಸತತ 44 ಪಂದ್ಯಗಳನ್ನು ಸೋಲದೆ ಆಡಿದ್ದು ಚಿಲಿಯ ಆಟದ ಇತಿಹಾಸದಲ್ಲಿ ಇಂದಿಗೂ ಸ್ಮರಿಸಲಾಗುವ ದಾಖಲೆ.

ಇಲ್ಲಿ ಓದುಗರು ಗಮನಿಸಬೇಕಾದ ಒಂದು ಅಂಶವಿದೆ. ಈ ಗೆಲುವುಗಳನ್ನು ತಂದುಕೊಟ್ಟವರಲ್ಲಿ ಹೆಚ್ಚಿನವರು ಪ್ಯಾಲೆಸ್ಟೀನಿನ ಮೂಲದವರಲ್ಲ. 1955ರ ತಂಡದ ತಾರೆ ರೊಬೆರ್ತೊ ಕೋಲ್ ಅರ್ಜೆಂಟೀನಾದವರು. 1978ರ ತಂಡದ ಬೆನ್ನೆಲುಬಾಗಿದ್ದ ಎಲಿಯಾಸ್ ಫಿಗೆರೊವಾ ಚಿಲಿಯವರೇ. ಅವರು 1974, 1975 ಮತ್ತು 1976ರಲ್ಲಿ ಸತತವಾಗಿ ದಕ್ಷಿಣ ಅಮೆರಿಕದ ವರ್ಷದ ಆಟಗಾರನೆನಿಸಿಕೊಂಡು, ಬ್ರೆಜಿಲ್‌ನಿಂದ ತಾಯ್ನಾಡಿಗೆ ಮರಳಿ ಈ ಕ್ಲಬ್ ಸೇರಿದ್ದರು. ನೆಲ ಕಳೆದುಕೊಂಡವರ ಹೆಸರನ್ನು ನೆಲವಿದ್ದವರು ಎದೆಯ ಮೇಲೆ ಧರಿಸಿ ಆಡಿದರು. ಇದಕ್ಕೆ ಪ್ರತಿಯಾಗಿ, ಚಿಲಿಯಲ್ಲಿ ಹುಟ್ಟಿ ಬೆಳೆದ ಪ್ಯಾಲೆಸ್ಟೀನ್ ಮೂಲದ ಹಲವು ಆಟಗಾರರು, 1998ರಲ್ಲಿ ಫಿಫಾ ಮಾನ್ಯತೆ ಪಡೆದ ಪ್ಯಾಲೆಸ್ಟೀನ್ ರಾಷ್ಟ್ರೀಯ ತಂಡಕ್ಕೆ ಆಡಲು ಹೋದರು. ಅಜ್ಜಂದಿರು ಬಿಟ್ಟುಬಂದ ನೆಲಕ್ಕೆ ಮೊಮ್ಮಕ್ಕಳು ಚೆಂಡಿನ ಹಿಂದೆ ಓಡುತ್ತ ಮರಳಿದರೆನ್ನಬಹುದು.

ಹೆಸರಿಗೆ ಇಷ್ಟು ಭಾರ ಬಂದಾಗ ವಿವಾದವೂ ಬರುತ್ತದೆ. 2014ರ ಆರಂಭದಲ್ಲಿ ಕ್ಲಬ್ ತನ್ನ ಅಂಗಿಯ ಬೆನ್ನಿನ ಮೇಲಿನ ‘1’ ಎಂಬ ಅಂಕಿಯನ್ನು 1948ಕ್ಕೆ ಮುಂಚಿನ ಪ್ಯಾಲೆಸ್ಟೀನ್ ನಕ್ಷೆಯ ಆಕಾರದಲ್ಲಿ ಮುದ್ರಿಸಿತು. ಚಿಲಿಯ ಯೆಹೂದಿ ಸಮುದಾಯ ಆಕ್ಷೇಪಿಸಿತು. ಇಸ್ರೇಲ್ ಎಂಬ ದೇಶವೇ ಇಲ್ಲವೆನ್ನುವ ನಕ್ಷೆ ಇದು ಎಂಬುದು ಅವರ ನೋವು. ಚಿಲಿಯ ಫುಟ್‌ಬಾಲ್ ಸಂಸ್ಥೆ ದಂಡ ವಿಧಿಸಿ ಆ ಅಂಕಿಯನ್ನು ನಿಷೇಧಿಸಿತು. ಒಬ್ಬರ ನೆನಪು ಇನ್ನೊಬ್ಬರ ಭಯವಾಗುವುದು ಹೇಗೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ. ಹತ್ತು ವರ್ಷಗಳ ನಂತರ, 2024ರ ಮೇ ತಿಂಗಳಲ್ಲಿ, ಅದೇ ಕ್ಲಬ್ ಘೋಷಣೆ, ನಕ್ಷೆಗಳಿಲ್ಲದೆ ತನ್ನ ಮಾತನ್ನು ಹೇಳಿತು. ಪಂದ್ಯಕ್ಕೆ ಮುನ್ನ ಆಟಗಾರರು ಪುಟ್ಟ ಮಕ್ಕಳ ಕೈ ಹಿಡಿದು ಮೈದಾನಕ್ಕೆ ಬರುವುದು ವಾಡಿಕೆ. ಅಂದು ಪಾಲೆಸ್ತಿನೊ ಆಟಗಾರರು ಪಕ್ಕದಲ್ಲಿ ಯಾರೂ ಇಲ್ಲದೆ, ಖಾಲಿ ಗಾಳಿಯಲ್ಲಿ ಕೈ ಚಾಚಿಕೊಂಡು ನಡೆದು ಬಂದರು. ಗಾಜಾದಲ್ಲಿ ಸತ್ತ ಮಕ್ಕಳಿಗಾಗಿ ಆ ಕೈಗಳು ಚಾಚಿದ್ದವು.

ಇನ್ನು ಕಲ್ಕತ್ತೆಯ ಕಥೆ. 1920ರ ಜುಲೈ 28ರಂದು ಮೋಹನ್ ಬಾಗಾನ್ ವಿರುದ್ಧದ ಪಂದ್ಯದಲ್ಲಿ ಜೋರಾಬಾಗಾನ್ ಕ್ಲಬ್ ತನ್ನ ಆಟಗಾರ ಶೈಲೇಶ್ ಬೋಸ್ ಅವರನ್ನು ಕೈಬಿಟ್ಟಿತು. ಕ್ಲಬ್‌ನ ಉಪಾಧ್ಯಕ್ಷರಾಗಿದ್ದ ಸುರೇಶ್ ಚಂದ್ರ ಚೌಧುರಿ ಕಾರಣ ಕೇಳಿದರು. ತೃಪ್ತಿಕರ ಉತ್ತರ ಬರಲಿಲ್ಲ. ಪೂರ್ವ ಬಂಗಾಳದವನೆಂಬ ಕಾರಣಕ್ಕೇ ಆಟಗಾರನನ್ನು ಕಡೆಗಣಿಸಲಾಯಿತೆಂಬ ಭಾವನೆ ಬಲವಾಗಿ, ಅವರು ಹೊರಬಂದು ಗೆಳೆಯರೊಡನೆ ಹೊಸ ಕ್ಲಬ್ ಕಟ್ಟಿದರು. ಪದ್ಮಾ ನದಿಯಾಚೆಯಿಂದ ಬಂದವರನ್ನು ಕಲ್ಕತ್ತೆಯ ಮೂಲ ನಿವಾಸಿಗಳು ‘ಬಾಂಗಾಲ್’ ಎಂದು ಹಾಸ್ಯ ಮಾಡುತ್ತಿದ್ದ ಕಾಲವದು. ಹಾಸ್ಯದ ಹೆಸರನ್ನೇ ಗೌರವದ ಹೆಸರಾಗಿ ತಿರುಗಿಸಿಕೊಂಡದ್ದು ಈ ಕ್ಲಬ್‌ನ ಮೊದಲ ಗೆಲುವು.

1920ರಲ್ಲಿ ಪೂರ್ವ ಬಂಗಾಳವೆಂದರೆ ಢಾಕಾ, ಮೈಮನ್‌ಸಿಂಗ್, ಬಾರಿಸಾಲ್‌ಗಳಂಥ ಜಿಲ್ಲೆಗಳ ಸೀಮೆ. ಅಲ್ಲಿಗೂ ಕಲ್ಕತ್ತೆಗೂ ನಡುವೆ ಗಡಿಯಿರಲಿಲ್ಲ. 1947ರಲ್ಲಿ ಗಡಿ ಬಿದ್ದಿತು. ಪೂರ್ವ ಬಂಗಾಳ ಪಾಕಿಸ್ತಾನದ ಪ್ರಾಂತ್ಯವಾಯಿತು. 1955ರಲ್ಲಿ ಅದರ ಹೆಸರು ಪೂರ್ವ ಪಾಕಿಸ್ತಾನವೆಂದು ಬದಲಾಯಿತು, 1971ರಲ್ಲಿ ಬಾಂಗ್ಲಾದೇಶವಾಯಿತು. ಅಂದರೆ 1955ರ ನಂತರ ‘ಈಸ್ಟ್ ಬೆಂಗಾಲ್’ ಎಂಬ ಹೆಸರಿನ ಪ್ರಾಂತ್ಯ ಜಗತ್ತಿನ ಯಾವ ಸರ್ಕಾರಿ ನಕ್ಷೆಯಲ್ಲೂ ಉಳಿಯಲಿಲ್ಲ. ಕಲ್ಕತ್ತೆಯ ಮೈದಾನದಲ್ಲಿ ಉಳಿಯಿತು. ಕೈಚೀಲದಲ್ಲಿ ಹಿಡಿಯುವಷ್ಟು ಸಾಮಾನಿನೊಡನೆ ರೈಲು ಹತ್ತಿ ಸಿಯಾಲ್ದಾ ನಿಲ್ದಾಣದ ಕಟ್ಟೆಯ ಮೇಲೆ ಮಲಗಿದವರಿಗೆ, ನಗರದ ಅಂಚಿನ ನಿರಾಶ್ರಿತರ ಕಾಲೊನಿಗಳಲ್ಲಿ ಬಿದಿರಿನ ಗುಡಿಸಲು ಹಾಕಿಕೊಂಡವರಿಗೆ, ವಾರಕ್ಕೊಮ್ಮೆ ತಮ್ಮ ಊರಿನ ಹೆಸರನ್ನು ಗಟ್ಟಿಯಾಗಿ ಕೂಗಲು ಅವಕಾಶವಿದ್ದ ಜಾಗ ಅದೊಂದೇ ಆಗಿತ್ತು.

ಆ ನಿರಾಶ್ರಿತರು ಕೂಗಿ ಕರೆದ ಹೆಸರುಗಳಾದರೂ ಯಾರವು? 1949ರಿಂದ 1953ರವರೆಗೆ ಈಸ್ಟ್ ಬೆಂಗಾಲ್‌ನ ಮುಂಪಡೆಯಲ್ಲಿ ಆಡಿದ ಐವರನ್ನು ಬಂಗಾಳಿಗಳು ‘ಪಂಚಪಾಂಡವರು’ ಎಂದು ಕರೆದರು: ಅಹ್ಮದ್ ಖಾನ್, ಅಪ್ಪಾರಾವ್, ವೆಂಕಟೇಶ್, ಧನರಾಜ್, ಸಾಲೆ. ಐವರೂ ದಕ್ಷಿಣ ಭಾರತದವರು. ಅವರಲ್ಲಿ ಒಬ್ಬರೂ ಬಂಗಾಳಿಯಲ್ಲ. 1949ರಲ್ಲಿ ಕಲ್ಕತ್ತಾ ಲೀಗ್, ಐಎಫ್ಎ ಶೀಲ್ಡ್, ರೋವರ್ಸ್ ಕಪ್ ಮೂರನ್ನೂ ಗೆದ್ದ, 1949, 1950, 1951ರಲ್ಲಿ ಸತತವಾಗಿ ಶೀಲ್ಡ್ ಗೆದ್ದ ತಂಡ ಅದು. ಅಹ್ಮದ್ ಖಾನ್ ನಮ್ಮ ಬೆಂಗಳೂರಿನವರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತದ ಹೆಚ್ಚಿನ ಆಟಗಾರರು ಬರಿಗಾಲಿನಲ್ಲಿ ಫ್ರಾನ್ಸ್ ವಿರುದ್ಧ ಆಡಿ 1–2ರಿಂದ ಸೋತರಲ್ಲವೇ, ಆ ತಂಡದಲ್ಲಿ ಅವರಿದ್ದರು. ಅಂದು ಭಾರತಕ್ಕೆ ಒಲಿಂಪಿಕ್ಸ್‌ನ ಮೊದಲ ಗೋಲು ತಂದ ಸಾರಂಗಪಾಣಿ ರಾಮನ್ ಸಹ ಬೆಂಗಳೂರಿನ ಆಟಗಾರರೇ. 1951ರಲ್ಲಿ ದೆಹಲಿಯ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದಲ್ಲೂ ಅಹ್ಮದ್ ಖಾನ್ ಆಡಿದರು. 2017ರ ಆಗಸ್ಟ್‌ನಲ್ಲಿ ಅವರು ಬೆಂಗಳೂರಿನಲ್ಲಿ ತೀರಿಕೊಂಡರು.

ಇದರ ಅರ್ಥವನ್ನು ಸ್ವಲ್ಪ ಯೋಚಿಸಬೇಕು. ಧರ್ಮದ ಹೆಸರಿನಲ್ಲಿ ನಡೆದ ವಿಭಜನೆಯಿಂದ ಮನೆ ಕಳೆದುಕೊಂಡ ಹಿಂದೂ ನಿರಾಶ್ರಿತರು, ವಿಭಜನೆಯಾದ ಎರಡೇ ವರ್ಷಗಳಲ್ಲಿ, ಬೆಂಗಳೂರಿನ ಒಬ್ಬ ಮುಸ್ಲಿಂ ಯುವಕನನ್ನು ಪಾಂಡವರಲ್ಲಿ ಒಬ್ಬನೆಂದು ಎತ್ತಿಕೊಂಡರು. ಅವರ ಹೆಸರು ಹೊತ್ತ ಅಂಗಿಯನ್ನು ಆ ಯುವಕ ಒಂದು ದಶಕ ತೊಟ್ಟ. ಚಿಲಿಯಲ್ಲಿ ಫಿಗೆರೊವಾ ಮಾಡಿದ್ದನ್ನೇ ಕಲ್ಕತ್ತೆಯಲ್ಲಿ ಅಹ್ಮದ್ ಖಾನ್ ಅದಕ್ಕೂ ಮೊದಲು ಮಾಡಿದ್ದರು. ಸೇರಿದವನು ಯಾರೆಂಬುದನ್ನು ರಕ್ತ ನಿರ್ಧರಿಸಲಿಲ್ಲ, ಜೊತೆಗೆ ನಿಂತು ಆಡಿದ ಕಾಲ ನಿರ್ಧರಿಸಿತು.

ಈಗ ನಮ್ಮ ಸೀಮೆಗೆ ಬರೋಣ. ನನ್ನ ಊರಾದ ಬಳಗಾನೂರಿನ ಸುತ್ತಲಿನ ಸಿಂಧನೂರು ಸೀಮೆ ಒಂದು ಕಾಲಕ್ಕೆ ಜೋಳದ ಒಣಭೂಮಿ. 1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಹರಿಯತೊಡಗಿದ ನಂತರ ಜೋಳ ಬೆಳೆಯುತ್ತಿದ್ದ ಕರಿನೆಲ ಭತ್ತದ ಗದ್ದೆಯಾಯಿತು. ನೀರಿನ ಹಿಂದೆ ಜನ ಬಂದರು. ಕರಾವಳಿ ಆಂಧ್ರದ ರೈತರು ಭೂಮಿ ಕೊಂಡು ನೆಲೆಸಿದ ಊರುಗಳು ‘ಕ್ಯಾಂಪ್’ ಎನಿಸಿಕೊಂಡವು. 1970ರ ದಶಕದ ಆರಂಭದಲ್ಲಿ ಇನ್ನೊಂದು ಜನ ಬಂದರು; ಅವರು ಕೊಂಡು ಬಂದವರಲ್ಲ, ಕಳೆದುಕೊಂಡು ಬಂದವರು. ಪೂರ್ವ ಪಾಕಿಸ್ತಾನದಿಂದ ಓಡಿ ಬಂದ ಬಂಗಾಳಿ ಕುಟುಂಬಗಳಿಗೆ ಸರ್ಕಾರ ಸಿಂಧನೂರಿನ ಬಳಿ ಪುನರ್ವಸತಿ ಕಲ್ಪಿಸಿತು. ಆರ್.ಎಚ್. ಕ್ಯಾಂಪ್ ಎಂಬ ಆ ಊರುಗಳನ್ನು ಇಂದಿಗೂ ಜನ ಸಂಖ್ಯೆಯಿಂದ ಗುರುತಿಸುತ್ತಾರೆ: ಒಂದನೆಯದು, ಎರಡನೆಯದು, ಮೂರನೆಯದು.

1964ರ ಗಲಭೆಗಳ ನಂತರ ಗಡಿ ದಾಟಿದ ಲಕ್ಷಾಂತರ ಜನರನ್ನು ಪಶ್ಚಿಮ ಬಂಗಾಳ ತನ್ನಲ್ಲಿ ಇರಿಸಿಕೊಳ್ಳಲಾರೆನೆಂದಾಗ, ಅವರನ್ನು ರಾಯಪುರದ ಬಳಿಯ ಮಾನಾ ಶಿಬಿರಕ್ಕೂ, ದಂಡಕಾರಣ್ಯದ ಕಾಡಿಗೂ, ಬೇರೆ ಬೇರೆ ರಾಜ್ಯಗಳಿಗೂ ಕಳುಹಿಸಲಾಯಿತು. ಇವರಲ್ಲಿ ಬಹುಪಾಲು ನಾಮಶೂದ್ರರು. ನದಿಯೂ ಗದ್ದೆಯೂ ಬದುಕಾಗಿದ್ದ ಬಡ ರೈತರು, ಮೀನುಗಾರರು. ದಂಡಕಾರಣ್ಯ ಬಿಟ್ಟು ಬಂಗಾಳಕ್ಕೆ ಮರಳಿ ಸುಂದರಬನದ ಮರಿಚ್‌ಝಾಂಪಿ ದ್ವೀಪದಲ್ಲಿ ಬೀಡುಬಿಟ್ಟವರನ್ನು 1979ರಲ್ಲಿ ಅಲ್ಲಿನ ಸರ್ಕಾರವೇ ಬಲಪ್ರಯೋಗಿಸಿ ಹೊರಹಾಕಿತು. ಮೈದಾನದಲ್ಲಿ ಈಸ್ಟ್ ಬೆಂಗಾಲ್ ಗೆದ್ದಾಗ ಸಂಭ್ರಮಿಸಿದ ಬಂಗಾಳವೇ, ಪೂರ್ವ ಬಂಗಾಳದ ಬಡವನಿಗೆ ನೆಲ ಕೊಡಲು ಒಪ್ಪಲಿಲ್ಲ. ಕ್ಲಬ್‌ನ ಬಾವುಟ ಹಿಡಿಯಲು ಸಿಗುವ ಜಾಗ ಮನೆ ಕಟ್ಟಲು ಸಿಗುವ ಜಾಗವಲ್ಲವೆಂಬ ಕಹಿಸತ್ಯವನ್ನು ಮರೆತು ಈ ಕಥೆಯನ್ನು ಹೇಳುವಂತಿಲ್ಲ.

ಚಿಲಿಯ ಹೋಲಿಕೆಗೂ ಇಲ್ಲಿಯೇ ಮಿತಿ ಬೀಳುತ್ತದೆ. ಅಲ್ಲಿಗೆ ಹೋದವರು ವ್ಯಾಪಾರದಿಂದ ಮೇಲೇರಿದರು. ಕ್ಲಬ್ ಸಾಕುವಷ್ಟು, ಅರ್ಜೆಂಟೀನಾದಿಂದ ಆಟಗಾರರನ್ನು ಕರೆಸುವಷ್ಟು ಹಣ ಗಳಿಸಿದರು. ಹುಟ್ಟಿದ ಮಕ್ಕಳು ಹುಟ್ಟಿದ ಕಾರಣಕ್ಕೇ ಚಿಲಿಯ ಪ್ರಜೆಗಳಾದರು. ಆ ದೇಶದ ಕಾನೂನು ಹಾಗಿದೆ. ನಮ್ಮಲ್ಲಿ ಕಾನೂನು ಬೇರೆ. 1987ರ ಜುಲೈ 1ರ ನಂತರ ಹುಟ್ಟಿದವರು ತಂದೆ ಅಥವಾ ತಾಯಿಯ ಪೌರತ್ವ ತೋರಿಸಬೇಕು. 2004ರ ಡಿಸೆಂಬರ್ 3ರ ನಂತರ ಹುಟ್ಟಿದವರಿಗೆ ನಿಯಮ ಇನ್ನೂ ಬಿಗಿ. ಐವತ್ತು ವರ್ಷಗಳ ಹಿಂದೆ ಪ್ರವಾಹದಂತೆ ಬಂದ ಜನರ ಕೈಯಲ್ಲಿದ್ದ ಚೀಟಿಗಳು ಎಷ್ಟು ಉಳಿದಾವು? ನೆಲ ಉತ್ತು, ಕನ್ನಡ ಶಾಲೆಯಲ್ಲಿ ಓದಿ, ಇಲ್ಲಿಯೇ ಮದುವೆಯಾಗಿ ಮಕ್ಕಳನ್ನು ಪಡೆದವರು ತಮ್ಮ ಅಜ್ಜ ಯಾವ ದಿನ ಯಾವ ಠಾಣೆಯ ಬಳಿ ಗಡಿ ದಾಟಿದನೆಂದು ಉತ್ತರಿಸಬೇಕಾಗುತ್ತದೆ.

2019ರ ಪೌರತ್ವ ತಿದ್ದುಪಡಿ ಕಾಯ್ದೆಯ ನಿಯಮಗಳು 2024ರ ಮಾರ್ಚ್ 11ರಂದು ಹೊರಬಂದ ನಂತರ, ಅದೇ ವರ್ಷ ಸಿಂಧನೂರಿನ ಕ್ಯಾಂಪ್‌ಗಳ ಕೆಲವರಿಗೆ ಪೌರತ್ವ ದೊರೆಯಿತು. ಧರ್ಮವನ್ನು ಆಧಾರವಾಗಿಸಿಕೊಂಡ ಆ ಕಾಯ್ದೆಯ ತತ್ವವನ್ನು ಕುರಿತು ನನಗೆ ಆಕ್ಷೇಪವಿದೆ. ಆಶ್ರಯ ಬೇಡುವವನ ದೇವರು ಯಾರೆಂದು ಕೇಳುವುದು ಸಂವಿಧಾನದ ಮನಸ್ಸಿಗೆ ಹೊಂದುವುದಿಲ್ಲ. ಆದರೆ ಆ ಆಕ್ಷೇಪ ಎಷ್ಟೇ ಪ್ರಾಮಾಣಿಕವಾಗಿರಲಿ, ಅರ್ಧ ಶತಮಾನ ಕಾದವನ ಕೈಗೆ ಕಾಗದ ಬಂದಾಗ ಅವನ ಮುಖದಲ್ಲಿ ಮೂಡುವ ನಿರಾಳವನ್ನು ಅಲ್ಲಗಳೆಯಲು ಅದು ಕಾರಣವಾಗಬಾರದು. ಇನ್ನೊಂದು ಕಾಗದದ ಸಮಸ್ಯೆಯೂ ಇದೆ. ಪಶ್ಚಿಮ ಬಂಗಾಳದಲ್ಲಿ ನಾಮಶೂದ್ರರು ಪರಿಶಿಷ್ಟ ಜಾತಿಗೆ ಸೇರಿದವರು. ಕರ್ನಾಟಕದಲ್ಲೂ ಆ ಮಾನ್ಯತೆ ಬೇಕೆಂಬುದು ಕ್ಯಾಂಪ್‌ಗಳ ಜನರ ದಶಕಗಳ ಬೇಡಿಕೆ. ರಾಜ್ಯದ ಗಡಿ ದಾಟಿದೊಡನೆ ಜಾತಿಯ ಪ್ರಮಾಣಪತ್ರ ಬದಲಾಗುತ್ತದೆ, ಜಾತಿಯ ಹೊರೆ ಬದಲಾಗುವುದಿಲ್ಲ.

2020ರ ಜನವರಿಯಲ್ಲಿ, ಪೌರತ್ವ ನೋಂದಣಿಯ ಚರ್ಚೆ ದೇಶವನ್ನು ಅಲುಗಿಸುತ್ತಿದ್ದಾಗ, ಕಲ್ಕತ್ತೆಯ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಮೋಹನ್ ಬಾಗಾನ್ ವಿರುದ್ಧದ ಪಂದ್ಯದ ವೇಳೆ ಈಸ್ಟ್ ಬೆಂಗಾಲ್ ಅಭಿಮಾನಿಗಳು ದೊಡ್ಡದೊಂದು ಬ್ಯಾನರ್ ಬಿಚ್ಚಿದರು. ಈ ಮಣ್ಣನ್ನು ನಾವು ಪಡೆದದ್ದು ರಕ್ತ ಕೊಟ್ಟು, ಕಾಗದ ತೋರಿಸಿಯಲ್ಲ ಎಂಬುದು ಅದರ ತಾತ್ಪರ್ಯ. ಕ್ಲಬ್‌ಗೆ ಆಗ ನೂರು ವರ್ಷ ತುಂಬುವುದರಲ್ಲಿತ್ತು. ಒಬ್ಬ ಆಟಗಾರನನ್ನು ಕೈಬಿಟ್ಟ ಅವಮಾನದಿಂದ ಹುಟ್ಟಿದ ಸಂಸ್ಥೆ ನೂರನೆಯ ವರ್ಷದಲ್ಲೂ ಅದೇ ಪ್ರಶ್ನೆಯನ್ನು ಕೇಳುತ್ತಿತ್ತು: ತಂಡದಲ್ಲಿ ಯಾರಿದ್ದಾರೆ, ಯಾರಿಲ್ಲ ಎಂದು ಹೇಳುವ ಅಧಿಕಾರ ಯಾರದು? ಈ ನಡುವೆ ಕ್ಲಬ್‌ನ ಹಣಕಾಸಿನ ಪಾಲುದಾರರು ಬಂದರು, ಹೋದರು. ಅವರಲ್ಲಿ ಎರಡು ಸಂಸ್ಥೆಗಳು ಬೆಂಗಳೂರಿನವೇ ಆಗಿದ್ದವು. ಬಂಡವಾಳ ಬದಲಾದರೂ ಗ್ಯಾಲರಿ ಬದಲಾಗಲಿಲ್ಲ. 2024ರ ಜನವರಿಯಲ್ಲಿ ಸೂಪರ್ ಕಪ್ ಗೆದ್ದು ಹನ್ನೆರಡು ವರ್ಷಗಳ ರಾಷ್ಟ್ರೀಯ ಪ್ರಶಸ್ತಿಯ ಬರ ನೀಗಿದಾಗ ಅತ್ತವರು ಆ ಗ್ಯಾಲರಿಯವರು.

ಕರ್ನಾಟಕಕ್ಕೆ ನೆಲ ಕಳೆದುಕೊಂಡವರಿಗೆ ನೆಲ ಕೊಟ್ಟ ಅನುಭವ ಹೊಸದಲ್ಲ. 1960ರಿಂದ ಬೈಲಕುಪ್ಪೆಯಲ್ಲಿ, ನಂತರ ಮುಂಡಗೋಡಿನಲ್ಲಿ ಟಿಬೆಟನ್ನರು ನೆಲೆಸಿದರು. ಅವರೂ ಕಾಲ್ಚೆಂಡಾಡುತ್ತಾರೆ. ಫಿಫಾ ಮಾನ್ಯತೆಯಿಲ್ಲದ ಟಿಬೆಟ್ ತಂಡ 2001ರಲ್ಲಿ ಕೋಪನ್‌ಹೇಗನ್‌ನಲ್ಲಿ ಗ್ರೀನ್‌ಲ್ಯಾಂಡ್ ವಿರುದ್ಧ ಆಡಿ 1–4ರಿಂದ ಸೋತಿತು. ಆದರೆ ಆ ದಿನ ತೊಂಬತ್ತು ನಿಮಿಷಗಳ ಕಾಲ ಟಿಬೆಟ್ ಎಂಬ ಹೆಸರು ಅಂಕಪಟ್ಟಿಯ ಮೇಲಿತ್ತು. ಬೈಲಕುಪ್ಪೆಗೆ ನಾವು ಪ್ರವಾಸಿಗಳಾಗಿ ಹೋಗಿ ಚಿನ್ನದ ಬುದ್ಧನ ಮುಂದೆ ಚಿತ್ರ ತೆಗೆಸಿಕೊಂಡು ಬರುತ್ತೇವೆ. ಸಿಂಧನೂರಿನ ಕ್ಯಾಂಪ್‌ಗಳಿಗೆ ಅಂಥ ಭಾಗ್ಯವಿಲ್ಲ. ಅಲ್ಲಿ ದುರ್ಗಾಪೂಜೆ ನಡೆಯುತ್ತದೆ, ಭತ್ತ ಬೆಳೆಯುತ್ತದೆ, ಮಕ್ಕಳು ಮನೆಯಲ್ಲಿ ಬಂಗಾಳಿ, ಶಾಲೆಯಲ್ಲಿ ಕನ್ನಡ ಮಾತನಾಡುತ್ತಾರೆ. ನಮ್ಮ ಬಾಯಲ್ಲಿ ಮಾತ್ರ ಅವರು ಇನ್ನೂ ‘ಕ್ಯಾಂಪಿನವರು’. ಚಿಕ್ಕಂದಿನಿಂದ ನಾನು ಕೇಳಿಕೊಂಡು ಬಂದ ಈ ಮಾತಿನಲ್ಲಿ ಕೆಟ್ಟ ಉದ್ದೇಶವೇನೂ ಇರುವುದಿಲ್ಲ. ‘ತುರ್ಕೊ’ ಎಂದ ಚಿಲಿಯ ಅಂಗಡಿಕಾರನಿಗೂ, ‘ಬಾಂಗಾಲ್’ ಎಂದ ಕಲ್ಕತ್ತೆಯ ಬಾಬುವಿಗೂ ಬಹುಶಃ ಇರಲಿಲ್ಲ. ಕ್ಯಾಂಪ್ ಎಂದರೆ ತಾತ್ಕಾಲಿಕ ಬಿಡಾರ. ಐವತ್ತು ವರ್ಷ ಕಳೆದ ಮೇಲೂ ಬಿಡಾರವೆಂದು ಕರೆಯುವುದೆಂದರೆ, ನೀವು ಯಾವತ್ತಾದರೂ ಹೊರಡುವವರೇ ಎಂದು ಪ್ರತಿದಿನ ನೆನಪಿಸಿದಂತೆ.

ಹೆಸರಿನ ಬೆಲೆಯನ್ನು ನಮ್ಮ ಸೀಮೆಗೆ ಹೊರಗಿನವರು ಹೇಳಿಕೊಡಬೇಕಾಗಿಲ್ಲ. ‘ದೇವಾನಾಂಪ್ರಿಯ’ ಎಂದಷ್ಟೇ ಶಾಸನಗಳಲ್ಲಿ ಕಾಣುತ್ತಿದ್ದ ದೊರೆ ಅಶೋಕನೇ ಎಂಬುದನ್ನು 1915ರಲ್ಲಿ ಬೆಳಕಿಗೆ ಬಂದ ಮಸ್ಕಿಯ ಬಂಡೆಗಲ್ಲು ಹೇಳಿತು. ಎರಡು ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಒಂದು ಹೆಸರನ್ನು ಕಾಪಾಡಿಕೊಂಡು ಬಂದ ನೆಲ ಇದು. ಅದೇ ನೆಲದಲ್ಲಿ ಕೆಲವು ಊರುಗಳಿಗೆ ಸಂಖ್ಯೆಯೇ ಹೆಸರಾಗಿ ಉಳಿಯುವುದು ಸರಿಯೇ?

ಮಾಡಬೇಕಾದ ಕೆಲಸಗಳು ದೊಡ್ಡವಲ್ಲ. ಆ ಊರುಗಳ ಜನ ತಮಗೆ ಬೇಕಾದ ಹೆಸರನ್ನು ತಾವೇ ಆರಿಸಿಕೊಳ್ಳಲು ಗ್ರಾಮಸಭೆಯಲ್ಲಿ ಅವಕಾಶವಾಗಬೇಕು. ಕಂದಾಯ ಇಲಾಖೆ ಅದನ್ನು ದಾಖಲಿಸಬೇಕು. ಪೌರತ್ವದ ಅರ್ಜಿಗಳನ್ನು ತಾಲ್ಲೂಕು ಮಟ್ಟದಲ್ಲೇ ಶಿಬಿರ ನಡೆಸಿ ಇತ್ಯರ್ಥಪಡಿಸಬೇಕು. ಜಾತಿ ಮಾನ್ಯತೆಯ ಬೇಡಿಕೆಗೆ ಹೌದು ಅಥವಾ ಇಲ್ಲ ಎಂಬ ಸ್ಪಷ್ಟ ಉತ್ತರ ದೊರೆಯಬೇಕು. ಇವು ಸರ್ಕಾರದ ಕೆಲಸ. ನಮ್ಮ ಕೆಲಸ ಇನ್ನೂ ಸುಲಭದ್ದು. ಬಳಗಾನೂರು, ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಹುಡುಗರು ಮತ್ತು ಆ ಊರುಗಳ ಹುಡುಗರು ಎದುರು ಬದುರು ಅಲ್ಲದೆ ಒಂದೇ ತಂಡದಲ್ಲಿ ಆಡುವಂತಾಗಬೇಕು. ತಾಲ್ಲೂಕಿಗೊಂದು ಸಮತಟ್ಟಾದ ಮೈದಾನ, ಎರಡು ಗೋಲು ಕಂಬ, ಒಬ್ಬ ತರಬೇತುದಾರ ಇದ್ದರೆ ಅಷ್ಟು ಸಾಧ್ಯ.

ಅಹ್ಮದ್ ಖಾನ್ ಬಂಗಾಳಕ್ಕೆ ಹೋಗಿ ನಿರಾಶ್ರಿತರ ಅಂಗಿ ತೊಟ್ಟು ಆಡಿದರು; ಬಂಗಾಳ ಅವರನ್ನು ತನ್ನವರೆಂದಿತು. ಪೂರ್ವ ಬಂಗಾಳದ ನಿರಾಶ್ರಿತರು ನಮ್ಮಲ್ಲಿಗೆ ಬಂದು ಐವತ್ತು ವರ್ಷಗಳಾದವು. ಅವರ ಮೊಮ್ಮಗನೊಬ್ಬ ರಾಯಚೂರು ಜಿಲ್ಲೆಯ ಅಂಗಿ ತೊಟ್ಟು ಮೈದಾನಕ್ಕಿಳಿದರೆ, ಅವನು ಯಾವ ಕ್ಯಾಂಪಿನವನೆಂದು ಕೇಳದೆ ಹೆಸರು ಹಿಡಿದು ಕೂಗುವಷ್ಟು ನಮಗೆ ಸಾಧ್ಯವಾಗಬೇಕು.